ಸವೆದ ಹೆಬ್ಬೆಟ್ಟು

ಒಪ್ಪಿಗೆ ಪತ್ರದ ಮೇಲೆ ಮೂರನೇ ಸಲ ಒತ್ತಿದರೂ ಮುನ್ನೀ ಬೀಯ ಹೆಬ್ಬೆಟ್ಟಿನಿಂದ ಮೂಡಿದ್ದು ಬರೀ ಮಸಿಯ ಕಲೆ. ಹದಿನೈದು ವರ್ಷ ಕುದಿನೀರಲ್ಲಿ ರೇಷ್ಮೆಗೂಡು ತಡಕಿ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಜಮಾತಿನ ಹಿರಿಯರು ಗದರಿಸಿದ್ದಕ್ಕೆ ಒತ್ತುತ್ತಿದ್ದಳು, ಮನಸ್ಸಿರಲಿಲ್ಲ.

“ಮಗಳ ಪಾಸ್‌ಪೋರ್ಟಿಗೆ ಇದು ನಡೆಯಲ್ಲಮ್ಮಾ. ಹೆಸರು ಬರೀತೀಯಾ?” ಎಂದ ಅರ್ಜಿ ಬರೆಯುವ ವೆಂಕಟರಾಯಪ್ಪ.

“ಗೂಡು ಬೇಯಿಸೋಳು ಎಲ್ಲಿ ಬರೀತಾಳೆ ಸಾಮಿ!” ಎಂದು ಜಾನ್ ಪಾಷಾ ನಕ್ಕ. ಅವಳಿಗೆ ತಲಾಖ್ ಕೊಟ್ಟು ಕುವೈತ್ ಸೇರಿದ್ದವನು ಈಗ ಮಗಳು ಹಜೀರಾಳನ್ನು ಕರೆದೊಯ್ಯಲು ಬಂದಿದ್ದ.

ಮುನ್ನೀ ಬೀ ಮಗಳ ಕಡೆ ನೋಡಲಿಲ್ಲ. ಸ್ಲೇಟು ಹಿಡಿದು ತನಗೆ ಹೆಸರು ಬರೆಯಲು ಕಲಿಸಿದ್ದವಳೇ ಆ ಎಂಟು ವರ್ಷದ ಮಗಳು. “ಬರಲ್ಲ ಸಾಮಿ,” ಎಂದಳು.

“ಹೌದೇನೇ ಪಾಪ?” ವೆಂಕಟರಾಯಪ್ಪ ಹುಡುಗಿಯನ್ನು ಕೇಳಿದ.

ಹಜೀರಾ ಅಮ್ಮನ ಮಸಿಯಂಟಿದ ಬೆರಳನ್ನು ಬಿಗಿಯಾಗಿ ಹಿಡಿದಳು. “ಹೌದು ತಾತಾ. ಅಮ್ಮಿಗೆ ಒಂದಕ್ಷರಾನೂ ಬರಲ್ಲ.”