ಒರೆಸಿದ ನೆಲ

ಬಿಂದುಶ್ರೀಯ ಎಡಗಾಲು ಅಂದು ಬೆಳಿಗ್ಗೆಯೂ ಚೆಂಡು ಬಿಡುವ ಗೆರೆಗೆ ಇನ್ನೂ ಒಂದು ಮೊಳ ಇರುವಾಗಲೇ ಗಕ್ಕನೆ ನಿಂತುಬಿಟ್ಟಿತು. ಕಾಲು ನಿಂತರೆ ಸಾಕೇ, ಮೈ ನಿಲ್ಲಬೇಡವೇ? ಅದು ಮುಂದಕ್ಕೆ ಮುಗ್ಗರಿಸಿ ಬಲಕ್ಕೆ ವಾಲಿತು. ಭಾರದ ಚೆಂಡು ಕೈತಪ್ಪಿ ದಡಕ್ಕನೆ ಬಿದ್ದು, ಪಕ್ಕದ ತೋಡಿನಲ್ಲಿ ಉರುಳಿಕೊಂಡು ಹೋಯಿತು. ಆ ತುದಿಯಲ್ಲಿ ಉರುಳಿಸಬೇಕಿದ್ದ ಹತ್ತು ಪಿನ್ನುಗಳೂ ಇದ್ದ ಹಾಗೇ ನಿಂತಿದ್ದವು.

"ಜಾರ್ಬೇಕು ಕಣಮ್ಮಾ, ಜಾರ್ಬೇಕು!" ಕೋಚ್ ಈಶ್ವರ್ ಹಣೆ ಚಚ್ಚಿಕೊಂಡ. "ಕೊನೇ ಹೆಜ್ಜೆ ಊರೋದಲ್ಲ. ತುದಿಗಾಲಿಟ್ಟು, ಮಂಡಿ ಬಗ್ಗಿಸಿ, ಗೆರೆ ತನಕ ಜಾರ್ಕೊಂಡು ಹೋಗೋದು. ನೀನು ಹಿಮ್ಮಡಿ ಊರಿ ಬ್ರೇಕ್ ಹಾಕ್ತಿದೀಯ."

"ಗೊತ್ತು ಸಾರ್. ಕಾಲು ನನ್ ಮಾತು ಕೇಳ್ತಾ ಇಲ್ಲ."

ಸಂಪಿಗೆ ರಸ್ತೆಯ ಹತ್ತಿರದ ಆ ಬೌಲಿಂಗ್ ಸೆಂಟರ್ ಬಾಗಿಲು ತೆಗೆಯಲು ಇನ್ನೂ ಒಂದು ಗಂಟೆಯಿತ್ತು. ಅಲ್ಲಿ ನೆಲ ಒರೆಸುವ ಆಂಜಿನಯ್ಯನ ಮಗಳೆಂದು ಬೆಳಗಿನ ಹೊತ್ತು ಅವಳನ್ನು ಆಡಲು ಬಿಟ್ಟಿದ್ದರು. ಭಾನುವಾರ ರಾಜ್ಯದ ಜೂನಿಯರ್ ತಂಡಕ್ಕೆ ಆಯ್ಕೆ. ಬರುವ ತಿಂಗಳು ವಯಸ್ಸು ದಾಟುತ್ತದೆ, ಇದೇ ಕೊನೆಯ ಸಲ. ಆಂಜಿನಯ್ಯ ಮಾಪಿನ ಕೋಲಿಗೆ ಗದ್ದವೂರಿ ನಿಂತು ನೋಡುತ್ತಿದ್ದ.

"ವಿಚಿತ್ರ ನೋಡಿ ಆಂಜಿನಯ್ಯ," ಈಶ್ವರ್ ಅವನತ್ತ ತಿರುಗಿದ. "ಸಂಜೆ ಬಂದು ಆಡಿದ್ರೆ ಬೆಣ್ಣೆ ಥರ ಜಾರ್ತಾಳೆ. ಬೆಳಗ್ಗೆ ಮಾತ್ರ ಹಿಂಗೆ. ಶೂ ತಳ ಬದಲಾಯಿಸಿದ್ದಾಯ್ತು, ಬ್ರಷ್ ಹಾಕಿ ಉಜ್ಜಿದ್ದಾಯ್ತು. ಭಾನುವಾರದ್ದು ಬೆಳಗ್ಗೇನೇ!"

ಆಂಜಿನಯ್ಯ ಚೆಂಡು ಮುಟ್ಟಿದ್ದೇ ಒರೆಸುವುದಕ್ಕೆ. "ಬಾಮ್ಮ, ಸ್ವಲ್ಪ ನೀರು ಕುಡಿ," ಎಂದು ಬಾಟಲಿ ಚಾಚಿದ.

ಇಬ್ಬರ ನಡುವೆ ಇದ್ದದ್ದು ಆಗಷ್ಟೇ ಒರೆಸಿದ, ಇನ್ನೂ ಒದ್ದೆಯಿದ್ದ ನೆಲ, ಹೆಚ್ಚೆಂದರೆ ಆರು ಹೆಜ್ಜೆ. ಬಿಂದು ಅದಕ್ಕೆ ಕಾಲಿಡಲಿಲ್ಲ. ಗೋಡೆಗೆ ಅಂಟಿಕೊಂಡು, ಕುರ್ಚಿಗಳನ್ನೆಲ್ಲ ಬಳಸಿ, ಒಂದು ಪ್ರದಕ್ಷಿಣೆ ಹಾಕಿಕೊಂಡು ಬಂದಳು. ಅವಳು ಯಾವತ್ತೂ ಹಾಗೇ. ಅಪ್ಪನ ದುಡಿಮೆಯ ಬೆಲೆ ಮಗಳಿಗೆ ಗೊತ್ತು ಎಂದು ಆಂಜಿನಯ್ಯ ಎಷ್ಟೋ ಸಲ ಒಳಗೊಳಗೇ ಬೀಗಿದ್ದುಂಟು. ಇವತ್ತು ಮಾತ್ರ ಅವಳು ಬಳಸಿ ಬಂದ ದಾರಿಯನ್ನೇ ನೋಡಿದ. ಸಂಜೆ ಹೊತ್ತಿಗೆ ಆಟದ ಜಾಗವೂ ಸೇರಿ ಈ ನೆಲವೆಲ್ಲ ನೂರು ಜನ ತುಳಿದು ಗಲೀಜಾಗಿರುತ್ತದೆ. ಬೆಳಿಗ್ಗೆ ಅವನು ಒರೆಸಿಟ್ಟ ಹಾಗೇ ಫಳಫಳ ಹೊಳೆಯುತ್ತಿರುತ್ತದೆ.

"ಬಿಂದೂ, ನಾನು ಮೊದ್ಲು ನೆಲ ಒರೆಸ್ತಿದ್ದ ಬ್ಯಾಂಕಲ್ಲಿ ನಿಂಗೆ ಹೊಡೆದಿದ್ನಲ್ಲ, ನೆನಪಿದೆಯಾ?"

"ಯಾವ ಬ್ಯಾಂಕಪ್ಪಾ?"

"ನೀನು ಮರೆತಿದೀಯ. ನಿನ್ ಕಾಲು ಮರೆತಿಲ್ಲ." ಅವನು ಬಾಟಲಿ ಅವಳ ಕೈಗಿಟ್ಟ. "ನಿಂಗಾಗ ಐದು ವರ್ಷ. ನೆಲ ಒಣಗೋವರ್ಗೂ ಬಾಗಿಲಲ್ಲೇ ಕೂತಿರು ಅಂದಿದ್ದೆ. ಯಾರೋ ಚಾಕ್ಲೇಟ್ ಕೊಟ್ರು ಅಂತ ನಂಗೆ ತೋರ್ಸಕ್ಕೆ ಓಡಿ ಬಂದ್ಬಿಟ್ಟೆ. ಒದ್ದೆ ನೆಲದ ಮೇಲೆ ನಿನ್ನ ಪುಟ್ಟ ಹೆಜ್ಜೆ. ಮ್ಯಾನೇಜರು ಎಲ್ಲರೆದುರಿಗೆ ಬಾಯಿಗೆ ಬಂದ ಹಾಗೆ ಬೈದ. ಅವನ ಮೇಲಿನ ಸಿಟ್ಟು ನಿನ್ ಮೇಲೆ ತೀರಿಸ್ಕೊಂಡೆ ಕಣಮ್ಮಾ. ಮೀನಖಂಡ ಕೆಂಪಗಾಗೋ ಹಾಗೆ ಬಾರಿಸ್ದೆ. ಒರೆಸಿದ ನೆಲಕ್ಕೆ ಕಾಲಿಡ್ತೀಯಾ, ಇಡ್ತೀಯಾ ಅಂತ."

ಬಿಂದು ನೀರು ಕುಡಿಯುವುದನ್ನು ಮರೆತು ನಿಂತಳು.

ಆಂಜಿನಯ್ಯ ಮಾಪು ಗೋಡೆಗಾನಿಸಿದ. ಬೂಟು ಕಳಚಿದ. ಹೆಬ್ಬೆರಳ ಬಳಿ ತೂತು ಬಿದ್ದ ಸಾಕ್ಸಿನಲ್ಲೇ ಆಟದ ಜಾಗಕ್ಕೆ ಹೋಗಿ, ಈಶ್ವರ್ "ಏಯ್, ಏಯ್" ಎನ್ನುವಷ್ಟರಲ್ಲಿ ನಾಲ್ಕು ಹೆಜ್ಜೆ ಓಡಿ ಸುಯ್ಯೆಂದು ಜಾರಿಯೇಬಿಟ್ಟ. ಐವತ್ತಾರು ವರ್ಷದ ದೇಹ! ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸುತ್ತ ಗೆರೆಯ ಹತ್ತಿರ ಹೋಗಿ, ದೊಪ್ಪನೆ ಕುಕ್ಕರುಬಡಿದ. ಬಿಂದು ಕಿಸಕ್ಕನೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ನಗು, ನಗು," ಸೊಂಟ ಹಿಡಿದುಕೊಂಡು ಅವನು ಎದ್ದ. "ಈ ನೆಲ ಒರೆಸಿದೋನು ನಾನು. ಜಾರು ಅಂತ ನಾನೇ ಹೇಳ್ತಿದೀನಿ. ಯಾವನು ಬೈತಾನೋ ಬೈಲಿ."

ಮೊದಲ ಸಲ ಬಿಂದುವಿನ ಕಾಲು ಅರ್ಧಕ್ಕೆ ಅಳುಕಿತು. ಎರಡನೆಯ ಸಲವೂ ಅಷ್ಟೇ. ನೋಡಲಾರದೆ ಆಂಜಿನಯ್ಯ ಬೆನ್ನು ತಿರುಗಿಸಿ, ಒರೆಸಿದ್ದ ನೆಲವನ್ನೇ ಮತ್ತೆ ಒರೆಸತೊಡಗಿದ. ಹಿಂದೆ ನಾಲ್ಕು ಹೆಜ್ಜೆಯ ಸದ್ದು ಕೇಳಿತು, ಆಮೇಲೆ ಉದ್ದಕ್ಕೆ ಸರ್ರೆಂದು ಜಾರಿದ ಸದ್ದು. ತಿರುಗಿ ನೋಡಿದರೆ ಮಗಳು ಗೆರೆಗೆ ನಾಲ್ಕು ಬೆರಳು ಇರುವಂತೆ, ಎಡಮಂಡಿ ಬಗ್ಗಿಸಿ, ಬಲಗಾಲನ್ನು ಹಿಂದಕ್ಕೆ ಚಾಚಿ, ಒಂಟಿಕಾಲಿನಲ್ಲಿ ಅಲ್ಲಾಡದೆ ನಿಂತಿದ್ದಳು. ಆ ತುದಿಯಲ್ಲಿ ಪಿನ್ನುಗಳು ಒಂದೂ ಉಳಿಯದಂತೆ ಧಡಧಡನೆ ಉರುಳಿದವು. ಆಗಲೂ ಅವಳು ಹಾಗೇ ನಿಂತಿದ್ದಳು.

"ಅದೂ ನೋಡು ಮತ್ತೆ!" ಈಶ್ವರ್ ಕೂಗಿದ.

ಬಿಂದು ಶೂ ಕಳಚಿದಳು, ಸಾಕ್ಸ್ ಕಳಚಿದಳು. ಈ ಸಲ ಗೋಡೆಯ ಕಡೆ ಹೋಗಲಿಲ್ಲ. ಅಪ್ಪ ಈಗಷ್ಟೇ ಒರೆಸಿದ ನೆಲದ ನಟ್ಟನಡುವೆ, ಬರಿಗಾಲಿನಲ್ಲಿ, ನೇರ ಅವನ ಹತ್ತಿರ ನಡೆದು ಬಂದಳು. ಹಿಂದೆ ಆರು ಹೆಜ್ಜೆ ಅಚ್ಚೊತ್ತಿದಂತೆ ಮೂಡಿದವು.

ಎದುರಿಗೆ ನಿಂತು, ಪ್ಯಾಂಟು ಮೀನಖಂಡದವರೆಗೆ ಎತ್ತಿ, ಕಾಲು ಮುಂದೆ ಚಾಚಿದಳು.

"ಈಗ ಹೊಡಿ, ನೋಡೋಣ."