ಇಂಪನಾಳ ಅರ್ಜಿ ತುಂಬುವಾಗ

“ನಮ್ ಇಂಪನಾ ತಾಳ್ಮೆ ಏನ್ ಕೇಳ್ತೀರವ್ವ! ಮೊನ್ನೆ ಹೆಜ್ಜೇನು ಎದ್ದು ಇಡೀ ಹೊನ್ನವಳ್ಳೀನೇ ಓಡೋಯ್ತು. ಇವಳು ನಿಂತಲ್ಲೇ ಕೈ ಎತ್ತಿದ್ಲು ನೋಡಿ, ಅಷ್ಟೂ ಹುಳ ಸಾಲಾಗಿ ಗೂಡಿಗೆ ವಾಪಸ್ ಹೋದ್ವು!”

ವಿಶೇಷ ಶಿಕ್ಷಕಿ ತಾರಾಮಣಿ ನಗಲಿಲ್ಲ. ಮೇಜಿನ ಮೇಲೆ ಎರಡು ಕಾಗದಗಳಿದ್ದವು: ಶಾಲೆ ಬಿಡಿಸುವ ಟಿ.ಸಿ., ಮತ್ತು ವಿಶೇಷ ಶಿಕ್ಷಣ ಕೇಳುವ ಅರ್ಜಿ. ಎಂಟು ವರ್ಷದ ಇಂಪನಾ ನಿನ್ನೆ ತರಗತಿಯಲ್ಲಿ ಕಿರುಚಾಡಿ ಮೇಷ್ಟ್ರ ಕೈ ಕಚ್ಚಿದ್ದಳು. ನಿಜ ಹೇಳಿದರೆ ಇವತ್ತೇ ಹೊರಗೆ ಹಾಕುತ್ತಾರೆಂದು ಅಜ್ಜ ಕಾಡಸಿದ್ದಪ್ಪನಿಗೆ ಭಯ.

“ಮನೇಲಿ ಅವಳು ರೇಗಿದ್ರೆ ಏನ್ ಮಾಡ್ತೀರಿ, ಯಜಮಾನ್ರೆ?”

“ರೇಗೋದಾ? ನಮ್ ಕೊಟ್ಟಿಗೆ ದನಗಳೇ ಅವಳನ್ನ ನೋಡಿ ಸಮಾಧಾನ ಕಲ್ತವೆ ಕಣವ್ವ!”

“ಹಂಗಾದ್ರೆ ‘ಮನೆಯಲ್ಲಿ ತೊಂದರೆ ಇಲ್ಲ’ ಅಂತ ಬರೀತೀನಿ. ಅರ್ಜಿ ಅಲ್ಲಿಗೇ ನಿಲ್ತದೆ. ಆಮೇಲೆ ಟಿ.ಸಿ. ತಗೊಂಡ್ ಹೋಗೋದೊಂದೇ ದಾರಿ.”

ಆಕೆ ಬರೆಯತೊಡಗುತ್ತಿದ್ದಂತೆ ಕಾಡಸಿದ್ದಪ್ಪ ಅರ್ಜಿಯ ಮೇಲೆ ಅಂಗೈ ಊರಿಬಿಟ್ಟ. ಪೆನ್ನಿನ ಗೀರು ಅವನ ಬೆರಳುಗಳ ಮೇಲೆ ಬಿತ್ತು. ಕೈ ತೆಗೆಯಲಿಲ್ಲ.

“ಬರೀಬ್ಯಾಡಿ ತಾಯಿ. ನಾನು ಹೇಳಿದ್ದೆಲ್ಲ ಸುಳ್ಳು. ಅವಳು ರೇಗಿದಾಗ ಕೊಬ್ಬರಿಗೆ ಕಾಯಿ ಕೂಡಿಟ್ಟಿರೋ ಅಟ್ಟಕ್ಕೆ ಹತ್ತಿಸಿ, ಏಣಿ ತೆಗೆದುಬುಡ್ತೀನಿ.” ಅಂಗೈ ಕೆಳಗಿನ ಅರ್ಜಿಯನ್ನು ಆಕೆಯತ್ತ ಸರಿಸಿದ. “ಈಗ್ಲೂ ಅಲ್ಲೇ ಅವಳೆ.”