ಕುಂಬಳಕಾಯಿ ದೊರೆ

ಪುಸ್ತಕಗಳು ಉರಿಯಲೊಲ್ಲವು. ಲಕ್ಷ್ಮಣಪ್ಪ ಚಿತ್ರಗಾರ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದಿಯೇ ಊದಿದ. ದಪ್ಪ ಕಾಗದ ಹೊಗೆಯನ್ನಷ್ಟೇ ಕೊಟ್ಟಿತು.

"ಒಂದು ರೊಟ್ಟಿ ಬೇಯಸಾಕೂ ಬರವಲ್ದು ನಿಮ್ಮ ಪುಸ್ತಕ," ಎಂದಳು ಹೆಂಡತಿ ಹುಲಿಗವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಕುಂಬಳಕಾಯಿಗೆ ಮೀಸಿ ಬರೀಬ್ಯಾಡ್ರಿ ಅಂದೆ. ಕೇಳಿದ್ರೇನು?"

ಕೇಳಿರಲಿಲ್ಲ. ಕಿನ್ನಾಳದ ಗೊಂಬೆಗಳಿಗೆ ಬಣ್ಣ ಹಚ್ಚಿ ಪಳಗಿದ ಕೈ ಅದು. ಕುಷ್ಟಗಿಗೆ ಬಂದು ನೆಲೆಸಿದ ಮೇಲೆ ಮಕ್ಕಳಿಗೆಂದು ಗುಬ್ಬಿಯ ಕಥೆ, ಇರುವೆಯ ಕಥೆ ಬರೆದುಕೊಂಡು ತಣ್ಣಗಿತ್ತು. ಈ ಸಲ ಮಾತ್ರ ಅವನು ಕನಸಿನಲ್ಲಿ ಕಂಡದ್ದನ್ನು ಕಂಡಂತೆಯೇ ಚಿತ್ರಿಸಿಬಿಟ್ಟಿದ್ದ. ಮೀಸೆ ಹೊತ್ತ ಕುಂಬಳಕಾಯಿಯೊಂದು ಸಿಂಹಾಸನದ ಮೇಲೆ ಕೂತು ರಾಜ್ಯವಾಳುತ್ತಿದೆ. ಪ್ರಜೆಗಳು ನೆಲಕ್ಕೆ ಹಣೆ ಹಚ್ಚಿದ್ದಾರೆ. ಬರಬರುತ್ತ ಪ್ರಜೆಗಳು ಎದ್ದು ನಿಲ್ಲುತ್ತಾರೆ. ದೊರೆಯ ಪೇಟಕ್ಕೆ ರೆಕ್ಕೆ ಮೂಡಿ ಅದು ಹಾರಿಹೋಗುತ್ತದೆ. ಸಿಂಹಾಸನ ತನ್ನ ನಾಲ್ಕು ಕಾಲು ಎತ್ತಿಡುತ್ತ ಎರೆಹೊಲಕ್ಕೆ ಮೇಯಲು ಹೊರಡುತ್ತದೆ. ದೊರೆ ಕುಗ್ಗಿ, ಮಿಡಿಯಾಗಿ, ಕಟ್ಟಕಡೆಗೆ ತಿಪ್ಪೆಯ ಮೇಲೊಂದು ಬೀಜವಾಗುತ್ತಾನೆ. ಅದನ್ನೇ ನೋಡುತ್ತಿರುವ ಒಂದು ಕೋಳಿ.

ಸಾವಿರದ ಒಂಬೈನೂರ ನಲವತ್ತಾರರಲ್ಲಿ, ನಿಜಾಮರ ಸೀಮೆಯಲ್ಲಿ, ಇಂಥದ್ದನ್ನು ಅಚ್ಚು ಹಾಕುವ ಎದೆ ಯಾರಿಗಿತ್ತು? ಗಡಿಯಾಚೆ, ಬ್ರಿಟಿಷರ ಗದಗಿನಲ್ಲಿ, ಕಲ್ಲಚ್ಚಿನಲ್ಲಿ ಒತ್ತಿಸಿ, ಬೆಲ್ಲದ ಚೀಲದೊಳಗೆ ಅಡಗಿಸಿ ತಂದಿದ್ದ. ಜಾಣತನ ಮಾಡಿ ಒಂದೇ ಒಂದು ಅಕ್ಷರವನ್ನೂ ಸೇರಿಸಿರಲಿಲ್ಲ. ಹೆಸರಿಲ್ಲ, ಪುಟದ ಅಂಕಿಯಿಲ್ಲ. ಹಿಂದೂ ಮುಂದೂ ಬರಿಯ ನೀಲಿ ರಟ್ಟು. ಓದು ಬಾರದ ಮಕ್ಕಳಿಗೂ ತಿಳಿಯಲಿ ಎಂದು ಹೇಳಿಕೊಳ್ಳುತ್ತಿದ್ದ. ಪೊಲೀಸರಿಗೆ ತಿಳಿಯದಿರಲಿ ಎಂಬುದು ಒಳಗಿನ ಮಾತು.

ಆದರೆ ಯಾವುದೋ ಮಗುವಿನ ಕೈಯಿಂದ ಒಂದು ಪ್ರತಿ, ತಾಲೂಕು ಕಚೇರಿಗೆ ಹೊಸದಾಗಿ ಬಂದ ಸಾಹೇಬರ ಮೇಜನ್ನು ತಲುಪಿತ್ತು. ಸಾಹೇಬರ ಹೊಟ್ಟೆ ದುಂಡಗಿತ್ತು, ಮೀಸೆ ದಪ್ಪಗಿತ್ತು. ಚಿತ್ರ ಬರೆಯುವಾಗ ಅವರನ್ನು ಕಂಡೇ ಇರಲಿಲ್ಲವೆಂದರೆ ಯಾರು ನಂಬಬೇಕು?

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಕಚೇರಿಯ ಜವಾನ ಮರ್ದಾನಸಾಬ.

"ಏ ಲಕ್ಷ್ಮಣಪ್ಪ, ಸಾಹೇಬ್ರು ಕರಿಯಾಕತ್ಯಾರ. ನಡಿ."

"ಸಿಟ್ಟಿನ್ಯಾಗ ಅದಾರೇನೋ?"

"ಯಾರಿಗೊತ್ತಪ್ಪ. ಮುಂಜಾನಿಂದ ನಿನ್ನ ಪುಸ್ತಕ ಮುಂದಿಟ್ಕೊಂಡು ಕುಂತಾರ. ಚಾ ಸೈತ ಮುಟ್ಟಿಲ್ಲ. ಕಣ್ಣು ಕೆಂಪಗಾಗ್ಯಾವು."

ಹುಲಿಗವ್ವ ಗೂಟದಿಂದ ಕಂಬಳಿ ತೆಗೆದು ಗಂಡನ ಹೆಗಲಿಗೆ ಹಾಕಿದಳು. "ಜೇಲಿನ್ಯಾಗ ಥಂಡಿ ಭಾಳ ಅಂತ. ಅಲ್ಲೂ ಗ್ವಾಡಿ ಮ್ಯಾಲ ಏನರ ಬರದು ಹೆಚ್ಚಿಗಿ ಶಿಕ್ಷಾ ತಗೋಬ್ಯಾಡ್ರಿ ಮತ್ತ."

ನಗಲು ಹೋದವಳು ಮುಖ ತಿರುಗಿಸಿಕೊಂಡಳು.

ಸಾಹೇಬರ ಕೋಣೆಯಲ್ಲಿ ನೀಲಿ ರಟ್ಟಿನ ಪುಸ್ತಕ ಮೇಜಿನ ಮೇಲಿತ್ತು. ಅವರ ಓದುಬರಹವೆಲ್ಲ ಉರ್ದು, ಕನ್ನಡ ನಾಲಗೆಗಷ್ಟೇ ಬರುತ್ತಿತ್ತು. ಅದನ್ನೇ ಅಳೆದು ತೂಗಿ ಆಡುತ್ತಿದ್ದರು.

"ಇದು ನಿನ್ನ ಕೆಲಸ ಏನು?"

"ಅಲ್ರಿ ಹುಜೂರ್. ಯಾರೋ ಗದಗಿನವ್ರು ಇರಬೇಕ್ರಿ."

"ಹಾಂಗೇನು? ಈ ಕೋಳಿ ಸ್ವಲ್ಪ ನವಿಲಿನ ಹಾಂಗ ಕಾಣತೈತಿ. ಬರದವ್ರಿಗೆ ಕೇಳೋಣಂತಿದ್ದೆ."

"ನವಿಲೇನ್ರಿ?" ಲಕ್ಷ್ಮಣಪ್ಪನ ಕತ್ತು ತಾನಾಗಿ ನೆಟ್ಟಗಾಯಿತು. "ಕಾಲು ನೋಡ್ರಿ, ಕೊಕ್ಕು ನೋಡ್ರಿ! ನಮ್ಮನಿ ಕೋಳೀನ ಎದುರಿಗೆ ಕೂಡಿಸ್ಕೊಂಡು..."

ನಾಲಗೆ ಕಚ್ಚಿಕೊಂಡ. ತಡವಾಗಿತ್ತು. ಚಿತ್ರಗಾರನನ್ನು ಹಿಡಿಯಲು ಬೇಡಿ ಬೇಕಿರಲಿಲ್ಲ, ಅವನ ಕೋಳಿಯನ್ನು ಹಳಿದರೆ ಸಾಕಿತ್ತು.

ಸಾಹೇಬರು ಎದ್ದು ಬಾಗಿಲು ಮುಂದೆ ಮಾಡಿದರು.

"ಈ ಕುಂಬಳಕಾಯಿ ನಾನು," ಎಂದರು ಮೆಲ್ಲಗೆ. "ಸುಳ್ಳು ಹೇಳಬ್ಯಾಡ. ನೋಡಿದ ಕೂಡಲೇ ಗುರುತು ಹಿಡಿದೆ. ನಮ್ಮ ಅಬ್ಬಾನ ವಿಚಾರ ನಿನಗ ಯಾರು ಹೇಳಿದ್ರು? ಕುದುರಿಲಾಯದಾಗ ಲದ್ದಿ ಬಳಿಯೋರು ಅವರು. ಆ ತಿಪ್ಪಿ... ಅದು ನಮ್ಮನಿ ಮುಂದಿನ ತಿಪ್ಪೀನೇ."

ತಂದೆಯ ಮಾನವನ್ನೂ ಕಳೆದಂತಾಯಿತಲ್ಲ! ಲಕ್ಷ್ಮಣಪ್ಪ ಕೈ ಮುಗಿದ. "ಆಣಿ ಮಾಡಿ ಹೇಳ್ತೀನ್ರಿ, ನಿಮ್ಮ ಅಬ್ಬಾರನ್ನ ನಾ ಕಂಡಾವ ಅಲ್ರಿ."

"ಆ ಸಿಂಹಾಸನ ನಡಿಯೂದು ನೋಡಿ ನನ್ನ ಎದಿ ಝಲ್ಲಂತು. ಇಂಥಾದ್ದು ಮನಿಷ್ಯಾನ ತಲಿಯಾಗ ಹುಟ್ಟತೈತಿ ಅಂದ್ರ..." ಪುಸ್ತಕದ ಮೇಲೆ ಕೈಯಾಡಿಸಿದರು. "ಇನ್ನೂ ಎಷ್ಟು ಪುಸ್ತಕ ಅದಾವು?"

"ಎಲ್ಲಾ ಸುಡ್ತೀನ್ರಿ. ಇವತ್ತಽ ಸುಡ್ತೀನ್ರಿ."

"ಸುಟ್ಟರ ನಿನ್ನ ಜೇಲಿಗೆ ಹಾಕ್ತೀನಿ!" ಸಾಹೇಬರು ಮೇಜು ಕುಟ್ಟಿದರು. "ಮತ್ತ ಅಚ್ಚು ಹಾಕಬೇಕು. ಸಾಲಿ ಸಾಲಿಗೆ ಹೋಗಬೇಕು. ಮಕ್ಕಳು ನೋಡಿ ಕಲೀಬೇಕು. ಕಡೀ ಪುಟದಾಗ ನನ್ನ ತಸ್ವೀರ್ ಬರಲಿ, ಕಂಡವ್ರು ಗುರುತು ಹಿಡಿಯೂ ಹಾಂಗ."

ಕಡೆಯ ಪುಟದಲ್ಲಿ ತಿಪ್ಪೆ. ತಿಪ್ಪೆಯ ಮೇಲೆ ಸಾಹೇಬರು! ಇದು ಬೆಕ್ಕು ಇಲಿಯನ್ನು ಆಡಿಸುವ ಆಟವೆಂದು ಲಕ್ಷ್ಮಣಪ್ಪನಿಗೆ ಖಾತ್ರಿಯಾಯಿತು. ಕಂಬಳಿ ಜಾರಿ ಬಿತ್ತು. ಅದರ ಹಿಂದೆಯೇ ಅವನೂ ಬಿದ್ದ, ತಾನೇ ಬರೆದ ಪ್ರಜೆಯ ಹಾಗೆ, ಹಣೆ ನೆಲಕ್ಕೆ ಹಚ್ಚಿ.

"ತಪ್ಪಾತ್ರಿ ಹುಜೂರ್! ನಾ ಆ ಪುಟ ಬರೀಬಾರದಾಗಿತ್ತು!"

"ಹುಚ್ಚಾ, ಏಳು," ಎಂದರು ಸಾಹೇಬರು. ಅವರ ದನಿ ಒದ್ದೆಯಾಗಿತ್ತು. "ನೀ ಏನು ಬರದಿ ಅಂಬೋದು ನಿನಗಽ ಗೊತ್ತಿಲ್ಲ. ಬಾ, ಇಲ್ಲಿ ಕೂಡು. ನಾ ನೋಡಿದ ಹಾಂಗ ಒಮ್ಮೆ ನೋಡು."

ರಟ್ಟೆ ಹಿಡಿದೆತ್ತಿ ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು.

ಬಳಿಕ ಕಣ್ಣೊರೆಸಿಕೊಂಡು, ಉರ್ದುವಿನ ಅಲಿಫ್ ಕಲಿತ ದಿನದಿಂದ ಎಲ್ಲ ಪುಸ್ತಕಗಳನ್ನೂ ತೆರೆಯುತ್ತ ಬಂದ ರೀತಿಯಲ್ಲೇ ಇದನ್ನೂ ಹಿಂದಿನ ರಟ್ಟಿನಿಂದ ತೆರೆದರು: ತಿಪ್ಪೆಯ ಮೇಲೊಂದು ಬೀಜ, ಅದನ್ನೇ ನೋಡುತ್ತಿರುವ ಕೋಳಿ, ಇನ್ನು ಅದು ಬೆಳೆದು ಸಿಂಹಾಸನವೇರುವುದಷ್ಟೇ ಬಾಕಿ.